ಒಂದು ಮಗ್ಗುಲು ಹಸಿರಾದ ಕಾಂಕಾರ್ಡ್

ನಮ್ಮ ಗ್ಲಿಸಿನ್ ಬೀದಿಯವರು ಪತ್ರಿಕೆ ತರಿಸುವುದು ರಗ್ಬಿ ಪುಟಕ್ಕಾಗಿ, ಇಲ್ಲವೇ ಸತ್ತವರ ಪುಟಕ್ಕಾಗಿ. ವಿಮಾನ ಕಾರ್ಖಾನೆಗೆ ಯಾವ ದೇಶದ ಗಿರಾಕಿ ಬಂದಿದ್ದಾನೆ ಎಂದು ತಿಳಿಯಬೇಕಾದರೆ ನಾವು ಪತ್ರಿಕೆ ಬಿಡಿಸುವುದಿಲ್ಲ, ಎದುರು ಮನೆಯ ಕಿಟಕಿ ಕದ ನೋಡುತ್ತೇವೆ.

ತುಲೂಸ್ ಪಟ್ಟಣದ ಹೊರಗೆ, ರನ್‌ವೇ ಮುಗಿಯುವಲ್ಲಿ ನಮ್ಮ ಬೀದಿ ಶುರುವಾಗುತ್ತದೆ. ಮನೆಗೊಬ್ಬರಂತೆ ಎಲ್ಲರೂ ಆ ಕಾರ್ಖಾನೆಯವರೇ. ಕಾರ್ಖಾನೆಯಲ್ಲಿ ಏನು ಮಿಕ್ಕರೂ ಅದು ಸಂಜೆ ಯಾರದೋ ಕೋಟಿನೊಳಗೆ ಸೇರಿ ಮನೆಗೆ ಬರುತ್ತದೆ. ಇದಕ್ಕೆ ನಮ್ಮಲ್ಲಿ ಪೆರೂಕ್ ಎನ್ನುತ್ತಾರೆ. ಇದನ್ನು ಕಳ್ಳತನ ಎಂದರೆ ನಮ್ಮ ಪಾದ್ರಿಯೇ ಒಪ್ಪುವುದಿಲ್ಲ, ಏಕೆಂದರೆ ಚರ್ಚಿನ ಗಂಟೆ ನೇತಾಡುತ್ತಿರುವುದು ರೆಕ್ಕೆಗೆಂದು ಬಂದ ಕೊಕ್ಕೆಯಲ್ಲಿ. ಬೀದಿ ಮೂಲೆಯ ಬ್ರೆಡ್ ಅಂಗಡಿ ನನ್ನದು. ನನ್ನ ಬ್ರೆಡ್ಡಿನ ಹಲಗೆ ವಿಮಾನದ ಅಲ್ಯೂಮಿನಿಯಮ್ಮಿನದು, ನನ್ನ ಬೆಕ್ಕು ಮಲಗುವುದು ಮೊದಲ ದರ್ಜೆಯ ಆಸನದ ಮೇಲೆ. ನನ್ನ ಗಂಡ ಅಲ್ಲಿ ರಿವೆಟ್ ಹೊಡೆಯುತ್ತಿದ್ದ. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಬಣ್ಣದ್ದೂ ಇದೇ ಕತೆ. ಒಂದೊಂದು ವಿಮಾನ ಕಂಪನಿಗೆ ಒಂದೊಂದು ಬಣ್ಣ. ಬಾಲಕ್ಕೆ ಬಳಿದು ಮಿಕ್ಕದ್ದು ನಮ್ಮ ಕಿಟಕಿ ಕದಗಳಿಗೆ ಬರುತ್ತಿತ್ತು. ಒಮ್ಮೆ ಮೂಲೆಮನೆಯ ಗೇಟು ಇದ್ದಕ್ಕಿದ್ದಂತೆ ಹಳದಿಯಾಯಿತು. ಆಫ್ರಿಕಾದ ಯಾವುದೋ ಕಂಪನಿ ವಿಮಾನ ಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದದ್ದು ಆ ಗೇಟು ಒಣಗಿ ಎಷ್ಟೋ ವಾರಗಳಾದ ಮೇಲೆ. ಅಂದಿನಿಂದ ಹೊಸ ಬಣ್ಣ ಬಂತೆಂದರೆ ಆರ್ಡರ್ ಬಂತು ಎಂದೇ ನಮ್ಮ ಲೆಕ್ಕ.

ಹೀಗಿರುವಾಗ ಕಾಂಕಾರ್ಡ್ ಬಂತು. ಶಬ್ದಕ್ಕಿಂತ ವೇಗವಾಗಿ ಹೋಗುವ ಆ ಹಕ್ಕಿಯನ್ನು ಕಟ್ಟಿದವರು ನಾವೇ ಎಂದು ಬೀದಿಯ ನಾಯಿಗಳೂ ತಲೆಯೆತ್ತಿ ಓಡಾಡುತ್ತಿದ್ದವು. ಜಗತ್ತಿನವರೆಲ್ಲ ಬಂದರು, ನೋಡಿದರು, ನಮ್ಮ ಬಾತುಕೋಳಿ ತಿಂದರು, ಆಮೇಲೆ ಬರೆಯುತ್ತೇವೆ ಎಂದು ಹೇಳಿ ಹೋದರು. ಯಾರೂ ಬರೆಯಲಿಲ್ಲ. ಮೇಲಾಗಿ ಆ ವೇಗಕ್ಕೆ ಮೈ ಕಾದು ಬಿಡುವುದರಿಂದ ವಿಮಾನದ ಮೈಗೆ ಬಿಳಿ ಬಿಟ್ಟು ಬೇರೆ ಬಣ್ಣ ಬಳಿಯುವ ಹಾಗಿರಲಿಲ್ಲ. ಮಿಗುತ್ತಿದ್ದದ್ದು ಬರೀ ಬಿಳಿ. ಬೀದಿಯಲ್ಲಿ ಬಿಳಿ ಕದ, ಬಿಳಿ ಬೇಲಿ, ಬಿಳಿ ಕೋಳಿಗೂಡು. ಹೊಸಬರು ಬಂದರೆ ಆಸ್ಪತ್ರೆ ಇದೇನಾ ಎಂದು ಕೇಳುತ್ತಿದ್ದರು.

ಈ ಬಿಳಿ ಬೀದಿಯಲ್ಲಿ ಒಂದೇ ಮನೆಯ ಕದಗಳು ಬಣ್ಣವಿಲ್ಲದೆ ಬೂದುಗಟ್ಟಿದ್ದವು. ಅದು ಅನ್ಸೆಲ್ಮ್ ಪೇರೂಸನ ಮನೆ.

ಅನ್ಸೆಲ್ಮನೂ ಕಾರ್ಖಾನೆಯವನೇ, ಆದರೆ ಊಟದ ಮನೆಯವನು. ಸಾರಿನ ಹಂಡೆಯೇ ಅವನ ವಿಮಾನ. ಅವನ ಪೆರೂಕ್ ಎಂದರೆ ಮೂಳೆ, ಒಣ ಬ್ರೆಡ್ಡು ಮತ್ತು ಸಾಸಿವೆ ಗೊಜ್ಜು. ಪೇಂಟ್ ಶಾಪಿನವರು ಅವನನ್ನು ಕಂಡಾಗಲೆಲ್ಲ, "ಕದಕ್ಕೆ ಸಾಸಿವೆ ಬಳಿಯಪ್ಪಾ, ಚೆನ್ನಾಗಿರುತ್ತೆ" ಎನ್ನುತ್ತಿದ್ದರು. ಅವರದ್ದಾದರೂ ಸಹಿಸಬಹುದಿತ್ತು. ಮನೆಯಲ್ಲಿದ್ದ ಅತ್ತೆ ಮದಾಂ ಕಾಬ್ರೋಲ್ ಅದನ್ನೇ ಮೂರು ಹೊತ್ತೂ ಹೇಳುತ್ತಿದ್ದರು.

"ನನಗಿಬ್ಬರು ಅಳಿಯಂದಿರು," ಎಂದು ಆಕೆ ನನ್ನ ಅಂಗಡಿಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಹೇಳುವರು. "ಒಬ್ಬ ಕಾಂಕಾರ್ಡಿಗೆ ಬಣ್ಣ ಬಳೀತಾನೆ. ಇನ್ನೊಬ್ಬ ಈರುಳ್ಳಿ ಸುಲೀತಾನೆ."

ಬಣ್ಣ ಬಳಿಯುವ ಅಳಿಯನೇ ಬಾಪ್ತಿಸ್ತ್ ದೆಲ್ಮಾಸ್, ಅನ್ಸೆಲ್ಮನ ಷಡ್ಡಕ, ಎದುರು ಮನೆಯವನು. ಅವನ ಹೆಂಡತಿ ಮಾರಿನೆಟ್ ಮತ್ತು ಅನ್ಸೆಲ್ಮನ ಹೆಂಡತಿ ಜಿಸ್ಲೇನ್ ಅಕ್ಕತಂಗಿಯರು. ಇಬ್ಬರೂ ಹುಟ್ಟಿದಂದಿನಿಂದ ಒಂದು ದಿನವೂ ಬೇರೆ ಇದ್ದವರಲ್ಲ. ಹುರುಳಿಕಾಯಿ ಬಿಡಿಸುವುದಕ್ಕೂ ಜಗಳವಾಡುವುದಕ್ಕೂ ಅವರಿಗೆ ಒಬ್ಬರಿಗೊಬ್ಬರು ಬೇಕು.

ಎಪ್ಪತ್ತಾರನೆಯ ಇಸವಿಯ ಶರತ್ಕಾಲದಲ್ಲಿ, ಆರ್ಡರ್ ಇಲ್ಲವೆಂದು ಪೇಂಟ್ ಶಾಪಿನವರನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಒಂದು ದಿನ ಬಾಪ್ತಿಸ್ತನ ಗೇಟಿನ ಮೇಲೆ ಹಲಗೆ ಬಿತ್ತು: ಮನೆ ಮಾರಾಟಕ್ಕಿದೆ. ದೂರದ ಸೇನ್-ನಜೇರಿನ ಹಡಗು ಕಟ್ಟೆಯಲ್ಲಿ ಬಣ್ಣದ ಕೆಲಸ ಇದೆಯಂತೆ, ಅಲ್ಲಿಗೆ ಹೋಗುತ್ತೇವೆ ಎಂದಳು ಮಾರಿನೆಟ್. ಅಂದಿನಿಂದ ಜಿಸ್ಲೇನ್ ಅಡುಗೆಮನೆಯಲ್ಲಿ ಕೂತು ಅಳತೊಡಗಿದಳು. ಅನ್ಸೆಲ್ಮ್ ಸುಮ್ಮನೆ ಈರುಳ್ಳಿ ಹೆಚ್ಚಿಕೊಟ್ಟು, ನೋಡಿದವರು ಅದರಿಂದಲೇ ಎಂದುಕೊಳ್ಳಲಿ ಎಂದು ಪಕ್ಕದಲ್ಲಿಡುತ್ತಿದ್ದ. ಅವನ ಬುದ್ಧಿಗೆ ಹೊಳೆದ ಸಮಾಧಾನ ಅಷ್ಟೇ.

ಆಮೇಲೆ ಇನ್ನೊಂದು ಹೊಳೆಯಿತು. ಹೆಂಡತಿ ಕಿಟಕಿ ತೆಗೆದರೆ ಎದುರಿಗೆ ಆ ಹಲಗೆ, ಇತ್ತ ಈ ಬೂದು ಕದ. ಹಲಗೆಯನ್ನಂತೂ ಏನೂ ಮಾಡಲಾಗದು, ಕದವಾದರೂ ಚೆನ್ನಾಗಿರಲಿ. ಓಶ್ ಪಟ್ಟಣದ ಸಂತೆಗೆ ಹೋದವನು ಅಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ತೋಟದ ಕುರ್ಚಿಗೆ ಬಳಿಯುವ ಹಸಿರು ಬಣ್ಣ ತಂದ. ವಿಮಾನದ ಬೀದಿಯಲ್ಲಿ ಅಂಗಡಿಯ ಬಣ್ಣ ಬಳಿಯುವುದು ಎಂಥ ಮಾನಗೇಡು ಎಂಬುದು ನಮ್ಮವರಿಗೇ ಗೊತ್ತು. ಹಾಗಾಗಿ ದಾರಿಯಲ್ಲೇ ಅದನ್ನು ಊಟದ ಮನೆಯ ಖಾಲಿ ಡಬ್ಬಿಗೆ ಸುರಿದುಕೊಂಡು ಬಂದ.

ಭಾನುವಾರ ಪೂಜೆ ಮುಗಿದು ಜನ ಚರ್ಚಿನಿಂದ ಬರುವಾಗ ಅನ್ಸೆಲ್ಮ್ ಏಣಿಯ ಮೇಲಿದ್ದ. ಎರಡು ಕದ ಆಗಲೇ ಹಸಿರು. ಆ ಬಿಳಿ ಬೀದಿಯಲ್ಲಿ ಅದು ಕಣ್ಣಿಗೆ ಹೊಡೆಯುತ್ತಿತ್ತು. ಇಡೀ ಬೀದಿ ನಿಂತುಬಿಟ್ಟಿತು.

"ಎಲ್ಲಿಂದ ಬಂತಪ್ಪಾ ಇದು?" ಎಂದಿತು ಒಂದು ದನಿ.

ಅನ್ಸೆಲ್ಮ್ ಕೆಳಗೆ ನೋಡಿದ. ಅತ್ತೆ ಇದ್ದರು, ಪೇಂಟ್ ಶಾಪಿನವರೆಲ್ಲ ಇದ್ದರು. ಓಶ್ ಸಂತೆಯ ಹೆಸರನ್ನು ನುಂಗಿಕೊಂಡ.

"ನಾನು ಹೇಳೋ ಹಾಗಿಲ್ಲ," ಎಂದ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮುಂದೆ ನಡೆದ ಎಲ್ಲ ಅನಾಹುತದಲ್ಲೂ ಈ ಮನುಷ್ಯ ಸುಳ್ಳೆಂದು ಹೇಳಿದ್ದು ಏನೂ ಇಲ್ಲ. ಉಳಿದದ್ದನ್ನೆಲ್ಲ ನಾವೇ ನೋಡಿಕೊಂಡೆವು.

ಬಾಪ್ತಿಸ್ತ್ ಗುಂಪಿನಿಂದ ಮುಂದೆ ಬಂದು ಕದದ ಹತ್ತಿರ ಮೂಗು ತಂದ. ಒಂದು ಸಲ ಮೂಸಿದ, ಇನ್ನೊಂದು ಸಲ ಮೂಸಿದ. ಷಡ್ಡಕನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ರಸ್ತೆ ದಾಟಿ, ತನ್ನ ಗೇಟಿನ ಮೇಲಿದ್ದ ಹಲಗೆಯನ್ನು ಬಿಚ್ಚಿ ಒಳಗೆ ಒಯ್ದ.

ಅಷ್ಟು ಸಾಕಾಯಿತು. ಜಿಸ್ಲೇನ್ ಓಡಿಹೋಗಿ ಅಕ್ಕನನ್ನು ತಬ್ಬಿಕೊಂಡಳು. ಪೇಂಟ್ ಶಾಪಿನವರು ಅನ್ಸೆಲ್ಮನ ಏಣಿ ಹಿಡಿದುಕೊಳ್ಳಲು ಪೈಪೋಟಿಗೆ ಬಿದ್ದರು. ಮೇಲಿದ್ದವನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಹೆಂಡತಿ ನಗುತ್ತಿದ್ದಾಳೆ ಎಂಬುದು ಮಾತ್ರ ಕಂಡಿತು. ಅದು ಕಂಡ ಮೇಲೆ ನಿಜ ಹೇಳುವ ಧೈರ್ಯ ಯಾವ ಗಂಡಸಿಗಿದೆ.

ಮರುದಿನ ಬೆಳಿಗ್ಗೆ ನನ್ನ ಅಂಗಡಿ ಸಂಸತ್ತಾಯಿತು.

"ಊಟದ ಮನೇಲಿ ದೊಡ್ಡೋರೆಲ್ಲ ಅವನ ಮುಂದೇನೇ ಕೂತು ತಿನ್ನೋದು," ಎಂದರು ಮದಾಂ ಕಾಬ್ರೋಲ್. "ನನ್ನಳಿಯನಿಗೆ ಗೊತ್ತಿಲ್ಲದ ಗುಟ್ಟೇ ಇಲ್ಲ." ಹಿಂದಿನ ದಿನದವರೆಗೆ ಈರುಳ್ಳಿ ಸುಲಿಯುತ್ತಿದ್ದವನು ರಾತ್ರೋರಾತ್ರಿ ಅಳಿಯನಾಗಿದ್ದ.

"ಹಸಿರು ಯಾರದ್ದು? ಐರ್ಲೆಂಡಿನವರದ್ದಾ?"

"ಅವರಿಗ್ಯಾಕಮ್ಮ ಅಷ್ಟು ವೇಗ. ಮರಳುಗಾಡಿನ ಕಡೆಯವರು ಇರಬೇಕು. ಅವರ ಬಾವುಟ ನೋಡು, ಎಲ್ಲ ಹಸಿರೇ."

"ಅಲ್ರೀ, ಕಾಂಕಾರ್ಡಿಗೆ ಬಿಳಿ ಬಿಟ್ಟು ಬೇರೆ ಬಣ್ಣ ಆಗಲ್ಲ ಅಂತಾರಲ್ಲ, ಕಾದುಬಿಡುತ್ತಂತೆ," ಎಂದೆ ನಾನು.

ಎಲ್ಲರೂ ನನ್ನನ್ನು, ಔತಣದ ಮನೆಯಲ್ಲಿ ಸಾವಿನ ಸುದ್ದಿ ತೆಗೆದವಳಂತೆ ನೋಡಿದರು.

"ನಿಧಾನವಾಗಿ ಹಾರಿಸ್ತಾರೆ ಯುಗೆತ್," ಎಂದರು ಮದಾಂ ಕಾಬ್ರೋಲ್ ನನಗೆ. "ಅವರಿಗೇನು ಅವಸರ?"

ಕಾರ್ಖಾನೆಯ ನಿರ್ದೇಶಕರು ಮೊಸ್ಯೋ ಕೆರ್ಗಾಲ್. ಅವರ ಟೈಪಿಸ್ಟ್ ಹುಡುಗಿ ಬ್ರೆಡ್ ಕೊಳ್ಳುವುದು ನನ್ನಲ್ಲೇ. ಆದ್ದರಿಂದ ಅವರ ಕೋಣೆಯಲ್ಲಿ ನಡೆದದ್ದನ್ನು ನಾನು ಅವರಿಗಿಂತ ಚೆನ್ನಾಗಿ ಹೇಳಬಲ್ಲೆ. ಬುಧವಾರ ಅನ್ಸೆಲ್ಮನಿಗೆ ಕರೆ ಬಂತು. ಹೋದ, ಏಪ್ರನ್ನಿನಲ್ಲೇ ಹೋದ.

"ಮನೆ ಕಿಟಕಿಗೆ ಹಸಿರು ಬಣ್ಣ ಬಳಿದಿದ್ದೀರಂತೆ."

"ಹೌದು ಸ್ವಾಮಿ."

"ಎಲ್ಲಿಂದ ಬಂತು?"

"ಹೇಳೋ ಹಾಗಿಲ್ಲ ಸ್ವಾಮಿ. ಹೇಳಿದ್ರೆ ಬಹಳ ಜನಕ್ಕೆ ನೋವಾಗುತ್ತೆ."

ಕೆರ್ಗಾಲ್ ಸಾಹೇಬರ ಅನುಭವದಲ್ಲಿ ಹೀಗೆ ಮಾತಾಡುವವರು ಎರಡೇ ಬಗೆ. ಒಂದು ಸಚಿವಾಲಯದವರು, ಇನ್ನೊಂದು ಪೆದ್ದರು. ಇವರನ್ನು ಬೇರ್ಪಡಿಸುವುದು ಅವರಿಗೆ ಜೀವಮಾನದಲ್ಲಿ ಸಾಧ್ಯವಾಗಿರಲಿಲ್ಲ. ಎದುರಿಗಿದ್ದವನಿಗೆ ಕುರ್ಚಿ ಕೊಟ್ಟರು, ಸಿಗರೇಟು ಕೊಟ್ಟರು.

"ನೋಡಿ ಮೊಸ್ಯೋ ಪೇರೂಸ್, ನಾನೇನೂ ಬಲವಂತ ಮಾಡ್ತಿಲ್ಲ. ಇದು ದೊಡ್ಡದಾ, ಚಿಕ್ಕದಾ, ಅಷ್ಟು ಹೇಳಿ."

ಅನ್ಸೆಲ್ಮ್ ಡಬ್ಬಿಯನ್ನು ನೆನಪಿಸಿಕೊಂಡ. "ಚಿಕ್ಕದಲ್ಲ ಸ್ವಾಮಿ. ಆದ್ರೆ ನನ್ನ ಮನೆಗೆ ಸರಿಹೋಯ್ತು."

ಅವನು ಹೊರಗೆ ಹೋದ ಕೂಡಲೇ ಸಾಹೇಬರು ಪ್ಯಾರಿಸ್ಸಿಗೆ ಫೋನ್ ಹಚ್ಚಿದರು. ಮಾರಾಟ ನೋಡಿಕೊಳ್ಳುತ್ತಿದ್ದ ವಿಲ್ದರಿ ಎಂಬುವರು ಎತ್ತಿಕೊಂಡರು. ತನಗೆ ಗೊತ್ತಿಲ್ಲ ಎಂದು ಹೇಳುವುದು ನಿರ್ದೇಶಕರಿಗೆ ಶೋಭೆಯಲ್ಲವಲ್ಲ.

"ಆ ಹಸಿರಿನ ವಿಷಯ ಎಲ್ಲಿಗೆ ಬಂತು?" ಎಂದು ಕೇಳಿದರು.

ತನಗೆ ಗೊತ್ತಿಲ್ಲ ಎಂದು ಹೇಳುವುದು ಪ್ಯಾರಿಸ್ಸಿಗಂತೂ ಎಂದೂ ಶೋಭೆಯಲ್ಲ. "ನಡೀತಿದೆ," ಎಂದರು ವಿಲ್ದರಿ. "ನಿಮ್ಮ ಕಡೆ?"

"ನಮ್ಮ ಕಡೆಯೂ ನಡೀತಿದೆ."

ಇಬ್ಬರೂ ಗಾಬರಿಯಿಂದ ಫೋನ್ ಇಟ್ಟರು. ಕಾಂಕಾರ್ಡಿನ ಅತಿ ದೊಡ್ಡ ವ್ಯವಹಾರ ಹೀಗೆ ಒಬ್ಬ ಗಿರಾಕಿಯೂ ಇಲ್ಲದೆ ಸುಸೂತ್ರವಾಗಿ ಮುಂದುವರಿಯಿತು.

ಎರಡೇ ದಿನದಲ್ಲಿ ಕರೀ ಕಾರೊಂದು ಗ್ಲಿಸಿನ್ ಬೀದಿಗೆ ಬಂತು. ವಿಲ್ದರಿ ಇಳಿದರು. ತೆಳ್ಳಗೆ, ಉದ್ದಕ್ಕೆ, ರೇಷ್ಮೆಯ ಕೊರಳಪಟ್ಟಿ. ಇಡೀ ವ್ಯವಹಾರದಲ್ಲಿ ಕಣ್ಣಿಗೆ ಕಾಣುವ ದಾಖಲೆ ಎಂದರೆ ಆ ಕಿಟಕಿ ಕದ ಒಂದೇ ಆದ್ದರಿಂದ ಅದನ್ನೇ ನೋಡಲು ಬಂದಿದ್ದರು. ಜೇಬಿನಿಂದ ಚಾಕು ತೆಗೆದು ಬಣ್ಣದ ಒಂದು ಚಕ್ಕೆ ಎಬ್ಬಿಸಿದರು. ಒಳಗಿನಿಂದ ಮದಾಂ ಕಾಬ್ರೋಲ್ ಪೊರಕೆ ಹಿಡಿದು ಬಂದರು.

"ಯಾರಯ್ಯಾ ನೀನು? ಬಣ್ಣ ಬೇಕಿದ್ರೆ ನಿಮ್ಮನೇದು ಕೆರಕೊ."

"ಮದಾಂ, ಇದು ರಾಷ್ಟ್ರದ ಹಿತದ ವಿಷಯ."

"ರಾಷ್ಟ್ರಕ್ಕೆ ಕಿಟಕಿ ಇಲ್ವಾ?"

ವಿಲ್ದರಿ ಚಕ್ಕೆಯನ್ನು ಲಕೋಟೆಯಲ್ಲಿಟ್ಟುಕೊಂಡು ಕಾರಿಗೆ ಓಡಿದರು. ಆ ಚಕ್ಕೆ ಪ್ಯಾರಿಸ್ಸಿಗೆ ಹೋಯಿತು. ಅಲ್ಲಿ ಯಾರೋ ಜಾಣರು ಅದನ್ನು ಬಾವುಟಗಳ ಪುಸ್ತಕದ ಮೇಲಿಟ್ಟು ಸರಿಸುತ್ತ ಬಂದು, ಕಸ್ರಾನ್ ಎಂಬ ಎಮಿರೇಟಿನ ಬಾವುಟದ ಮೇಲೆ ನಿಲ್ಲಿಸಿದರು. ಆ ದೇಶದ ಸಾರಿಗೆ ಮಂತ್ರಿ ಅದೇ ವಾರ ಪ್ಯಾರಿಸ್ಸಿನಲ್ಲೇ ಇದ್ದ. ನೀರೆತ್ತುವ ಪಂಪು ನೋಡಲು ಬಂದಿದ್ದ.

"ಪಂಪು ಬರೀ ನೆಪ," ಎಂದರು ವಿಲ್ದರಿ. "ನಾಚಿಕೊಳ್ತಿದ್ದಾರೆ. ವಿಮಾನ ಬಣ್ಣ ಬಳಿದು ತಯಾರಿರಲಿ, ನೋಡಿದ ಕೂಡಲೇ ಬಾಯಿ ಬಿಡ್ತಾರೆ."

ಹಾಗೆಂದು ಹ್ಯಾಂಗರಿನಲ್ಲಿ ಗಿರಾಕಿಯಿಲ್ಲದೆ ನಿಂತಿದ್ದ ಒಂದು ಬಿಳಿ ಕಾಂಕಾರ್ಡನ್ನು ಹಸಿರು ಮಾಡಲು ಅಪ್ಪಣೆಯಾಯಿತು. ಮನೆಗೆ ಕಳಿಸಬೇಕೆಂದಿದ್ದ ಪೇಂಟ್ ಶಾಪಿನವರಿಗೆ ಹಗಲು ರಾತ್ರಿ ಕೆಲಸ ಬಂತು. ಬಣ್ಣ ಕಲಸುವ ಜವಾಬ್ದಾರಿ ಬಾಪ್ತಿಸ್ತನಿಗೇ ಬಂತು. ಆ ಚಕ್ಕೆಯನ್ನು ದೀಪದ ಕೆಳಗೆ ಹಿಡಿದು, ಪಾದ್ರಿ ಪ್ರಸಾದ ಹಿಡಿದಷ್ಟು ಗಂಭೀರವಾಗಿ ನೋಡುತ್ತ, ಅದೇ ಹಸಿರನ್ನು ಪೀಪಾಯಿಗಟ್ಟಲೆ ಕಲಸಿದನಂತೆ.

ಪೇಂಟ್ ಶಾಪಿನ ಮೇಸ್ತ್ರಿ ಮಾತ್ರ ತಲೆ ಕೆರೆದುಕೊಂಡ. "ಈ ಬಣ್ಣದಲ್ಲಿ ಪೂರಾ ವೇಗಕ್ಕೆ ಹೋದ್ರೆ ಮೈ ಕಾಯುತ್ತೆ ಸ್ವಾಮಿ."

"ಮಾರೋವಾಗ ಅದು ನಿಂತಿರುತ್ತಲ್ರೀ," ಎಂದರು ವಿಲ್ದರಿ. "ನಿಂತ ವಿಮಾನಕ್ಕೆ ಎಂಥ ಕಾವು?"

"ಎರಡೂ ಮಗ್ಗುಲು ಮುಗಿಸೋಕೆ ಟೈಮೂ ಸಾಲಲ್ಲ."

"ಅತಿಥಿಗಳು ಬರೋದು ಎಡಗಡೆಯಿಂದ. ಬಲಗಡೆ ಯಾರು ನೋಡ್ತಾರೆ?"

ಬೀದಿಯಲ್ಲಿ ಆ ವಾರವೆಲ್ಲ ಹಬ್ಬ. ಮಾರಿನೆಟ್ ಹೊಸ ಪರದೆ ಹೊಲಿಸಿದಳು. ಮದಾಂ ಕಾಬ್ರೋಲ್ ಊಟದಲ್ಲಿ ಬಾತಿನ ಕಾಲನ್ನು ಅನ್ಸೆಲ್ಮನಿಗೇ ಬಡಿಸತೊಡಗಿದರು. ಅವನು ಅದನ್ನು ಮುಟ್ಟದೆ ಹೆಂಡತಿಯ ತಟ್ಟೆಗೆ ಸರಿಸುತ್ತಿದ್ದ. ನನ್ನ ಅಂಗಡಿಗೆ ಬಂದವನು ಬ್ರೆಡ್ ತೆಗೆದುಕೊಂಡು ಹೋಗಲಾರದೆ ನಿಂತ.

"ಯುಗೆತ್, ಆ ಹಲಗೆ ಬಾಪ್ತಿಸ್ತನ ಮನೆ ಒಳಗೆ ಬಾಗಿಲ ಹಿಂದೇನೇ ಇದೆ," ಎಂದ. "ಸುಟ್ಟಿಲ್ಲ. ನಾನು ನೋಡ್ದೆ."

"ಇದ್ರೆ ಇರ್ಲಿ ಬಿಡು."

"ಮತ್ತೆ ಹೊರಗೆ ಬಂದ್ರೆ ಜಿಸ್ಲೇನ್ ತಡ್ಕೊಳ್ಳಲ್ಲ. ಮೊದಲ ಸಲ ಅವಳು ಅತ್ತಿದ್ದು ಬಾಪ್ತಿಸ್ತನಿಂದ. ಈ ಸಲ ನನ್ನಿಂದ ಅಳ್ತಾಳೆ."

ಏನೋ ಹೇಳಬೇಕೆಂದಿದ್ದ. ಆಗ ಪೇಂಟ್ ಶಾಪಿನವರು ನಾಲ್ಕು ಜನ ಒಳಗೆ ಬಂದು ಅವನ ಬೆನ್ನು ತಟ್ಟಿದರು. ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಮಂತ್ರಿ ಬರುವ ದಿನ ಊಟಕ್ಕೆ, ಕಾಳು ಮಾಂಸ ಸೇರಿಸಿ ಬೇಯಿಸುವ ನಮ್ಮ ಕಡೆಯ ಕಸುಲೆ ಮಾಡಬೇಕೆಂದು ಅನ್ಸೆಲ್ಮನಿಗೆ ಆಜ್ಞೆಯಾಯಿತು. ಹಂದಿಯ ಸಾಸೇಜ್ ಹಾಕುವ ಹಾಗಿಲ್ಲ, ಹುರುಳಿಕಾಯಿ ಬೀಜ ಮತ್ತು ಬಾತು ಮಾತ್ರ. ಇದನ್ನು ಕೇಳಿದ ಮದಾಂ ಕಾಬ್ರೋಲ್‌ಗೆ ಮೊದಲ ಬಾರಿಗೆ ಅನುಮಾನ ಬಂತು. "ಸಾಸೇಜ್ ಇಲ್ಲದ ಕಸುಲೆ ಹಾಕಿ ವಿಮಾನ ಮಾರ್ತಾರಂತೆ," ಎಂದು ಅವರು ಹೇಳಿದ ದನಿಯಲ್ಲೇ ಎಲ್ಲ ಭವಿಷ್ಯವೂ ಇತ್ತು.

ಬ್ರೆಡ್ಡು ಹೊತ್ತು ನಾನೂ ಹ್ಯಾಂಗರಿಗೆ ಹೋಗಿದ್ದೆ. ಅಲ್ಲೇ ಉದ್ದ ಮೇಜು ಹಾಕಿ ಬಿಳಿ ಬಟ್ಟೆ ಹೊದಿಸಿದ್ದರು. ಎದುರಿಗೆ ವಿಮಾನ. ನಾನು ಜೀವಮಾನದಲ್ಲಿ ಅಂಥದ್ದನ್ನು ಕಂಡಿಲ್ಲ. ಆ ಚೂಪು ಮೂಗು, ಆ ಸೊಂಟ, ಎಲ್ಲ ಅದೇ, ಆದರೆ ಮೂಗಿನಿಂದ ಬಾಲದವರೆಗೂ ಅನ್ಸೆಲ್ಮನ ಕಿಟಕಿ ಕದ. ಬೀದಿಯವರು ಬೇಲಿಯಾಚೆ ನಿಂತು ಮಂತ್ರಿಗಳ ಜೊತೆ ಒಂಟೆಯೂ ಬರುತ್ತದೆಂದು ಕಾಯುತ್ತಿದ್ದರು. ಬಂದದ್ದು ಬೂದು ಸೂಟಿನ, ದಪ್ಪ ಕನ್ನಡಕದ ಒಬ್ಬ ಸಾಧು ಮನುಷ್ಯ. ಶೇಖ್ ನಾಸಿಫ್ ಎಂದು ಹೆಸರು. ನಮ್ಮ ಮೇಯರಿಗಿಂತ ಒಳ್ಳೆಯ ಫ್ರೆಂಚ್ ಮಾತಾಡುತ್ತಿದ್ದರು.

"ಬಹಳ ಹಸಿರಾಗಿದೆ," ಎಂದರು ವಿಮಾನ ನೋಡಿ.

ವಿಲ್ದರಿಯವರ ಮುಖ ಅರಳಿತು. "ನಿಮ್ಮ ದೇಶವನ್ನೇ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು, ಮಹಾಸ್ವಾಮಿ."

"ನಮ್ಮ ದೇಶದಲ್ಲಿ ಹಸಿರಿಲ್ಲ. ಅದಕ್ಕೇ ನಾನು ಪಂಪು ನೋಡೋಕೆ ಬಂದಿದ್ದು."

ಎಲ್ಲರೂ ಇದು ದೊಡ್ಡವರ ತಮಾಷೆ ಎಂದು ನಕ್ಕರು. ಶೇಖ್ ನಾಸಿಫ್ ನಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ವಿಮಾನದ ಉದ್ದಕ್ಕೂ ನಡೆದರು. ಮೂಗಿನ ಹತ್ತಿರ ಬಂದಾಗ ವಿಲ್ದರಿ ಅಡ್ಡ ನಿಂತು, ಊಟ ಆರುತ್ತದೆ ಎಂದರು. ಮಂತ್ರಿಗಳು ಸೌಜನ್ಯದಿಂದ ಅವರನ್ನು ಸುತ್ತಿ, ಮೂಗನ್ನೂ ಸುತ್ತಿ, ಆಚೆ ಮಗ್ಗುಲಿಗೆ ಹೋದರು. 

"ಈ ಕಡೆ ತೊಳೆದಾಗ ಹೋಯ್ತೇ?" ಎಂದು ಆಚೆಯಿಂದ ದನಿ ಬಂತು.

"ಅದು ನಿಮ್ಮ ಆಯ್ಕೆಗೆ ಬಿಟ್ಟಿದ್ದು," ಎಂದು ವಿಲ್ದರಿ ಓಡುತ್ತ ಹೇಳಿದರು. "ಯಾವ ಮಗ್ಗುಲು ಇಷ್ಟವೋ ಅದು."

"ಎರಡರಲ್ಲಿ ಯಾವುದು ಬೇಗ ಹೋಗುತ್ತೆ?"

ವಿಲ್ದರಿ ಮತ್ತೆ ಊಟದ ಮೇಜಿನ ಕಡೆ ಕೈ ತೋರಿಸಿದರು. ಪಕ್ಕದಲ್ಲಿದ್ದ ಪೇಂಟ್ ಶಾಪ್ ಮೇಸ್ತ್ರಿಗೆ ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

"ಬಿಳಿ ಮಗ್ಗುಲು, ಸ್ವಾಮಿ," ಎಂದ.

ಶೇಖ್ ನಾಸಿಫ್ ತಿರುಗಿ ಬಂದು ಮೇಜಿನ ಮುಂದೆ ಕೂತರು. ಕನ್ನಡಕ ಒರೆಸಿಕೊಂಡರು. "ಒಂದು ಮಾತು ಕೇಳಬಹುದಾ? ಈ ಬಣ್ಣ ನಮ್ಮದು ಅಂತ ನಿಮಗೆ ಹೇಳಿದವರು ಯಾರು?"

ಕೆರ್ಗಾಲ್ ವಿಲ್ದರಿಯನ್ನು ನೋಡಿದರು. ವಿಲ್ದರಿ ಕೆರ್ಗಾಲರನ್ನು ನೋಡಿದರು. ಇಷ್ಟು ದಿನ ಒಬ್ಬರಿಗೊಬ್ಬರು ಹೇಳಿಕೊಂಡದ್ದೆಲ್ಲ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಆಮೇಲೆ ಇಬ್ಬರೂ, ಕಸುಲೆಯ ಪಾತ್ರೆ ಹಿಡಿದು ನಿಂತಿದ್ದ ಅನ್ಸೆಲ್ಮನನ್ನು ನೋಡಿದರು.

ನಾನು ಬ್ರೆಡ್ಡಿನ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಹೇಳೋ ಹಾಗಿಲ್ಲ ಅಂತ ಹೇಳಿಬಿಡು ಮಹಾರಾಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಮನುಷ್ಯ ದಣಿದಿದ್ದ.

"ಇದು ತೋಟದ ಕುರ್ಚಿ ಬಣ್ಣ ಸ್ವಾಮಿ," ಎಂದ. "ಓಶ್ ಸಂತೆಗೆ ಹೋದಾಗ ಹಾರ್ಡ್‌ವೇರ್ ಅಂಗಡೀಲಿ ತಂದೆ. ನನ್ನ ಹೆಂಡತಿ ಅಳ್ತಾ ಇದ್ಲು, ಕಿಟಕಿನಾದ್ರೂ ಚೆನ್ನಾಗಿರ್ಲಿ ಅಂತ."

 ಶೇಖ್ ನಾಸಿಫ್ ತಲೆ ಆಡಿಸಿದರು.

"ಅದೇ ಅಂದ್ಕೊಂಡೆ. ಲೋಸಾನ್ ಊರಿನಲ್ಲಿ ಓದುವಾಗ ನಮ್ಮ ಮನೆಯೊಡತಿಯ ತೋಟದ ಕುರ್ಚಿಗಳು ಇದೇ ಬಣ್ಣ. ಅವುಗಳ ಮೇಲೆ ಕೂತೇ ನಾನು ಪರೀಕ್ಷೆಗೆ ಓದಿದ್ದು." ತಟ್ಟೆ ಮುಂದೆ ಚಾಚಿದರು. "ಈಗ ಹೆಂಡತಿ ಅಳು ನಿಲ್ಲಿಸಿದ್ರಾ?"

"ನಿಲ್ಲಿಸಿದ್ಲು ಸ್ವಾಮಿ. ಇವತ್ತು ಮತ್ತೆ ಶುರು ಮಾಡ್ತಾಳೆ."

ಮಂತ್ರಿಗಳು ಕಸುಲೆಯನ್ನು ಎರಡೆರಡು ಸಲ ಬಡಿಸಿಕೊಂಡು ತಿಂದರು. ನಂತರ ಪ್ಯಾರಿಸ್ಸಿಗೆ ಹೋಗಿ ಪಂಪು ಕೊಂಡರು. ಅವರು ಹೋದ ಮೇಲೆ ಕೆರ್ಗಾಲ್ ಸಾಹೇಬರು ಅನ್ಸೆಲ್ಮನ ಭುಜ ಹಿಡಿದು, "ಇಲ್ಲಿ ಕೇಳಿ, ಈ ವಿಷಯ ಇನ್ನು ಮುಂದೆ ಯಾರಿಗೂ ಹೇಳೋ ಹಾಗಿಲ್ಲ," ಎಂದರು. ಮಾತುಕತೆ ಮುಂದುವರಿದಿದೆ ಎಂದು ಪತ್ರಿಕೆಗೆ ಹೇಳಿಕೆ ಹೋಯಿತು. ನನ್ನನ್ನೂ ಕರೆದು ಬಾಯಿ ಮುಚ್ಚಿಕೊಂಡಿರಲು ಹೇಳಿದರು. ಗ್ಲಿಸಿನ್ ಬೀದಿಯ ಬ್ರೆಡ್ ಅಂಗಡಿಯವಳಿಗೆ.

ಆದರೆ ನಾನು ಬಾಯಿ ಬಿಡುವ ಮೊದಲೇ ಅನ್ಸೆಲ್ಮ್ ಮಿಕ್ಕ ಕಸುಲೆಯ ಪಾತ್ರೆ ಹಿಡಿದು ಬಾಪ್ತಿಸ್ತನ ಹಿತ್ತಲಿಗೆ ಹೋದ. ಏನೇ ಆಗಲಿ ತಾನೇ ಹೇಳಬೇಕು ಎಂದು ತೀರ್ಮಾನಿಸಿದ್ದ. ಅವನ ಹಿತ್ತಲಿಗೂ ಪಕ್ಕದ ನನ್ನ ಹಿತ್ತಲಿಗೂ ನಡುವೆ ವಿಮಾನದ ನೆಲಹಲಗೆಯ ತೆಳು ಬೇಲಿ ಅಷ್ಟೇ. ನಾನು ಅಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬಟ್ಟೆ ಇನ್ನೂ ಒಣಗಿರಲಿಲ್ಲ, ಅದು ಬೇರೆ ಮಾತು.

"ಬಾಪ್ತಿಸ್ತ್, ನಿನ್ನ ಹಲಗೆ ಮತ್ತೆ ಹಾಕ್ಕೋ," ಎಂದ ಅನ್ಸೆಲ್ಮ್. "ಆರ್ಡರ್ ಇಲ್ಲ. ಯಾವತ್ತೂ ಇರಲಿಲ್ಲ. ಆ ಬಣ್ಣ ಓಶ್ ಸಂತೇದು."

"ಗೊತ್ತು."

"ಏನು ಗೊತ್ತು?"

"ಮೊದಲನೇ ದಿನಾನೇ ಗೊತ್ತು. ಇಷ್ಟು ವರ್ಷ ಬಣ್ಣದ ನಾತ ಕುಡಿದಿದ್ದೀನಿ, ಕುರ್ಚಿ ಬಣ್ಣಕ್ಕೂ ವಿಮಾನದ ಬಣ್ಣಕ್ಕೂ ವಾಸನೆ ತಿಳಿಯಲ್ವೇನೋ ದಡ್ಡ? ನಿನ್ನ ಕದದಿಂದ ಸಾಸಿವೆ ವಾಸನೇನೂ ಬರ್ತಿತ್ತು. ಡಬ್ಬಿ ಸರಿಯಾಗಿ ತೊಳೆದಿರಲಿಲ್ಲ."

ಅನ್ಸೆಲ್ಮ್ ಪಾತ್ರೆಯನ್ನು ನೆಲಕ್ಕಿಟ್ಟ. "ಮತ್ತೆ ಹಲಗೆ ಯಾಕೆ ತೆಗೆದೆ?"

ಬಾಪ್ತಿಸ್ತ್ ಪಾತ್ರೆಯ ಮುಚ್ಚಳ ತೆಗೆದ. ಬೇಲಿಯ ಈಚೆ ನಾನು ಒದ್ದೆ ಅಂಗಿ ಹಿಡಿದುಕೊಂಡು ಇನ್ನಷ್ಟು ಹತ್ತಿರ ಸರಿದೆ.

"ನನಗೆ ಹೋಗೋಕೆ ಇಷ್ಟ ಇರಲಿಲ್ಲ ಕಣೋ," ಎಂದ. "ಸೇನ್-ನಜೇರಲ್ಲಿ ಯಾವಾಗ್ಲೂ ಮಳೆ. ಬಾತುಕೋಳಿ ಮಾಡೋಕೆ ಬರಲ್ಲ ಅವರಿಗೆ. ಆದ್ರೆ ಹೋಗೋಣ ಅಂತ ಹಲಗೆ ಹಾಕಿದವನು ನಾನೇ, ಮಾರಿನೆಟ್ ಮುಂದೆ ಬೇಡ ಅನ್ನೋಕೆ ಮರ್ಯಾದೆ ಹೋಗುತ್ತೆ. ಒಂದು ನೆವ ಬೇಕಿತ್ತು. ನೀನು ಏಣಿ ಮೇಲೆ ನಿಂತು ಕೊಟ್ಟೆ."

ಷಡ್ಡಕರಿಬ್ಬರೂ ಹಿತ್ತಲಲ್ಲೇ ಕೂತು ಪಾತ್ರೆಗೆ ಕೈ ಹಾಕಿ ತಿಂದರು. ಸಾಸೇಜ್ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಇಬ್ಬರೂ ಒಪ್ಪಿದರು. ಬೇಲಿಯಾಚೆಯ ಮಾತು ಕೇಳಿಸಿಕೊಂಡ ನನಗೆ ಎಂದೂ ಇಲ್ಲದ ಹಾಗೆ ಕಣ್ಣು ಮಂಜಾಯಿತು. ಈ ಸಂಗತಿಯನ್ನು ನಾನು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ, ನನ್ನ ಗಂಡನಿಗೂ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಮಿಕ್ಕದ್ದು ತಾನಾಗಿ ಆಯಿತು. ಒಂದು ಮಗ್ಗುಲು ಹಸಿರಿರುವ ವಿಮಾನವನ್ನು ಯಾರಿಗೂ ತೋರಿಸುವ ಹಾಗಿಲ್ಲ. ಅದರ ಬಣ್ಣ ಕೆರೆಯಬೇಕು, ತೊಳೆಯಬೇಕು, ಮತ್ತೆ ಪದರ ಪದರವಾಗಿ ಬಿಳಿ ಬಳಿಯಬೇಕು. ಬಳಿಯುವುದಕ್ಕಿಂತ ಕೆರೆಯುವುದು ದೊಡ್ಡ ಕೆಲಸವಂತೆ. ಆ ಚಳಿಗಾಲ ಪೂರ್ತಿ ಪೇಂಟ್ ಶಾಪಿನವರನ್ನು ಮನೆಗೆ ಕಳಿಸಲು ಯಾರಿಗೂ ಬಿಡುವಾಗಲಿಲ್ಲ. ಅದು ಮುಗಿಯುವ ಹೊತ್ತಿಗೆ ಕಾರ್ಖಾನೆಯಲ್ಲೇ ಕಟ್ಟುತ್ತಿದ್ದ ಇನ್ನೊಂದು ಬಗೆಯ, ದಪ್ಪ ಹೊಟ್ಟೆಯ ನಿಧಾನದ ವಿಮಾನಗಳಿಗೆ ನಿಜವಾದ ಗಿರಾಕಿಗಳು ಬರತೊಡಗಿದರು. ಬಾಪ್ತಿಸ್ತನ ಹಲಗೆ ಕೊನೆಗೆ ಮೊಲದ ಗೂಡಿನ ತಳವಾಯಿತು.

ಎರಡೂ ಮಗ್ಗುಲಿಗೆಂದು ಕಲಸಿದ ಹಸಿರಿನಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿತ್ತಲ್ಲ. ಕೋಟಿನ ಕೆಳಗೆ ಅದೆಲ್ಲ ಗ್ಲಿಸಿನ್ ಬೀದಿಗೆ ಬಂತು. ವಸಂತ ಬರುವಷ್ಟರಲ್ಲಿ ಪ್ರತಿ ಕದ, ಪ್ರತಿ ಬೇಲಿ, ಪ್ರತಿ ಕೋಳಿಗೂಡು ಅದೇ ಹಸಿರು. ಅಸಲಿ ವಿಮಾನದ ಬಣ್ಣ, ಮಳೆಗೂ ಬಿಸಿಲಿಗೂ ಬಗ್ಗುವಂಥದ್ದಲ್ಲ. ಜುಲೈ ತಿಂಗಳ ಬಿಸಿಲಿಗೆ ಅನ್ಸೆಲ್ಮನ ಕದ ಮಾತ್ರ ಸುಲಿಯತೊಡಗಿತು. ಜಿಸ್ಲೇನ್ ಮತ್ತು ಮಾರಿನೆಟ್ ಅದೇ ಕಿಟಕಿಯ ಕೆಳಗೆ ಕೂತು ಹುರುಳಿಕಾಯಿ ಬಿಡಿಸುವಾಗ ಹಸಿರು ಚಕ್ಕೆಗಳು ಬಟ್ಟಲಿಗೆ ಉದುರುತ್ತಿದ್ದವು. ಅವರು ಕಾಯಿ ಯಾವುದು ಚಕ್ಕೆ ಯಾವುದು ಎಂದು ಜಗಳವಾಡುತ್ತ ಬಿಡಿಸುತ್ತಿದ್ದರು.

"ಇಡೀ ಬೀದೀಲಿ ಇವನ ಕಿಟಕಿಗೇ ಕಜ್ಜಿ ಹಿಡಿದಿರೋದು," ಎಂದರು ಮದಾಂ ಕಾಬ್ರೋಲ್ ನನ್ನ ಅಂಗಡಿಯಲ್ಲಿ. "ಹಸಿರು ಮೊದಲು ತಂದವನು ಇವನೇ ಅಂತ ಯಾರು ನಂಬ್ತಾರೆ?"

ಮುಂದಿನ ಭಾನುವಾರ ಪೂಜೆ ಮುಗಿಸಿ ಬರುವಾಗ ನೋಡಿದರೆ, ಅನ್ಸೆಲ್ಮನ ಕಿಟಕಿಗೆ ಏಣಿ. ಮೇಲೆ ಬಾಪ್ತಿಸ್ತ್, ಕೆಳಗೆ ಡಬ್ಬಿ ಹಿಡಿದು ಅನ್ಸೆಲ್ಮ್. ಎರಡು ಕದ ಆಗಲೇ ಮುಗಿದಿದ್ದವು. ಬಣ್ಣ ಹಸಿರಲ್ಲ, ಬಿಳಿಯಲ್ಲ. ಅಚ್ಚ ಸಾಸಿವೆ ಗೊಜ್ಜಿನ ಹಳದಿ.

ಬೀದಿ ಮತ್ತೆ ನಿಂತುಬಿಟ್ಟಿತು. ಈ ಸಲ ಏಣಿಯ ಮೇಲಿದ್ದವನು ಪೇಂಟ್ ಶಾಪಿನವನೇ. ಅನುಮಾನಕ್ಕೆ ಎಡೆಯೇ ಇಲ್ಲ.

"ಯಾವ ದೇಶದ್ದು ಇದು?" ಎಂದು ಮದಾಂ ಕಾಬ್ರೋಲ್ ದನಿ ತಗ್ಗಿಸಿ ಕೇಳಿದರು.

ಷಡ್ಡಕರು ಒಬ್ಬರನ್ನೊಬ್ಬರು ನೋಡಿಕೊಂಡರು.

"ನಾವು ಹೇಳೋ ಹಾಗಿಲ್ಲ ಅತ್ತೆ," ಎಂದರು ಇಬ್ಬರೂ.

ನಾನು ಏನೂ ಕೇಳದೆ ಮನೆಗೆ ಬಂದು ಮರುದಿನಕ್ಕೆ ಎರಡರಷ್ಟು ಹಿಟ್ಟು ಕಲಸಿಟ್ಟೆ. ಬೆಳಿಗ್ಗೆ ಅಂಗಡಿಯಲ್ಲಿ ಜನ ಜಾಸ್ತಿ ಇರುತ್ತಾರೆ.